‘ಕೇವ್ ಇನ್’ ಎಂಬ ಮಾತೂ ಜರಿಯುವ ಬಾವಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿರುವುದು ವಾಚಕರಲ್ಲಿ ಹಲವರಿಗೆ ತಿಳಿದೇ ಇದೆ. ಈ ನಾಲ್ಕು ಕಡೆಗಳಿಂದಲೂ ಬಂದ ವಿದ್ಯಾರ್ಥಿಗಳಿದ್ದ ಭೌತಶಾಸ್ತ್ರದ ತರಗತಿಯೊಂದರಲ್ಲಿ ನಾವು ಒಮ್ಮೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯನ್ನು ಕೊಟ್ಟಿದ್ದೆವು. ಅದರ ಮೊದಲ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಹೀಗಾಗುತ್ತದೆ: ‘ದಿ ಸೈಡ್ಸ್ ಆಫ್ ದಿ ವೆಲ್ ಕೇವ್ಡ್ ಇನ್.’ ಲೆಕ್ಕವನ್ನು ಬಿಡಿಸುವುದಕ್ಕೆ ಮೊದಲು ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ ಎಂದೆವು. ‘ಬಾವಿಯ ಪಕ್ಕಗಳು ಗುಹೆಯೊಳಕ್ಕೆ ಹೋದವು’ ಎಂದು ಒಬ್ಬನು ಬರೆದನು. ಒಬ್ಬಳು ‘ಕುಸಿದವು’ ಎಂದಳು. ಮತ್ತೊಬ್ಬನು ‘ಬಾವಿ ಮುಚ್ಚಿಕೊಂಡಿತು’ ಎಂದನು. ಶಿರಾ ಕಡೆಯ ಹುಡುಗನೊಬ್ಬನು ಏನೋ ಬರೆದು ಹೊಡೆದುಹಾಕಿ, ಹಾಳೆಯನ್ನು ಬರಿದಾಗಿಯೇ ಕೊಟ್ಟನು.

ಪಾಠ ಮುಗಿದ ಮೇಲೆ ಆ ಹುಡುಗನೇ ಬಂದು ನಿಂತು, ತಮ್ಮ ಹೊಲದ ಬಾವಿಯ ಸಂಗತಿಯನ್ನು ಹೇಳಿದನು. ಹಳೆಯ ಬಾವಿ, ಬಹುಕಾಲದ ಮೇಲೆ ಒಳ್ಳೆಯ ಮಳೆಯಾಗಿ ತುಂಬಿತ್ತು. ಮಳೆ ನಿಂತು ಮೂರು ದಿನ ಬಿಸಿಲು ಕಾದ ಮೇಲೆ ಹೂಳೆತ್ತಿಸೋಣವೆಂದು ಅವನ ತಂದೆಯವರು ರಾತ್ರಿಯೆಲ್ಲ ಪಂಪನ್ನು ಓಡಿಸಿ ನೀರನ್ನು ಖಾಲಿ ಮಾಡಿದರು. ಬೆಳಗ್ಗೆ ಇಬ್ಬರು ಆಳುಗಳು ಬಾವಿಗಿಳಿಯಬೇಕಾಗಿತ್ತು. ಅವರು ಹುಣಿಸೆಯ ಮರದಡಿ ಕುಳಿತು ಮುದ್ದೆ ಉಣ್ಣುತ್ತಿರುವಾಗಲೇ ಒಂದು ಕಡೆಯ ದಡವೆಲ್ಲ ಒಮ್ಮೆಗೇ ಒಳಕ್ಕೆ ಬಂದಿತು. ಊಟ ಕಾಲು ಗಂಟೆ ಮೊದಲು ಮುಗಿದಿದ್ದರೆ ಆ ಇಬ್ಬರೂ ಅದರ ಕೆಳಗಿರುತ್ತಿದ್ದರು. ಹುಡುಗನ ಪ್ರಶ್ನೆ ಇಷ್ಟು: ‘ಸಾರ್, ಮಳೆ ಹೊಯ್ಯುವಾಗ, ಬಾವಿ ತುಂಬಿದ್ದಾಗ ನಿಂತಿದ್ದ ದಡ, ಬಿಸಿಲು ಬಂದ ಮೇಲೆ ಏಕೆ ಬಿತ್ತು? ಮುಂದಿನ ವಾರ ಮತ್ತೆ ಇಳಿಸುತ್ತಾರಂತೆ.’

ಆ ಮುಂದಿನ ವಾರದ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಇಂಗ್ಲಿಷ್ ಮಾತಿನ ಅರ್ಥ, ಬಾವಿಯ ದಡದ ಬಲ, ಇವೆರಡನ್ನೂ ಜೊತೆಯಾಗಿಯೇ ಬಿಡಿಸಿಕೊಳ್ಳುವುದು ಮೇಲೆಂದು ತೋರಿತು.

ಮೊದಲು ಮಾತನ್ನು ನೋಡೋಣ. ‘ಕೇವ್’ ಎಂದರೆ ಗುಹೆ ಎಂಬುದು ಎಲ್ಲರಿಗೂ ಗೊತ್ತು. ಆದಕಾರಣ ಗುಹೆಯೊಳಕ್ಕೆ ಹೋದವು ಎಂದು ಬರೆದ ಹುಡುಗನನ್ನು ನಗುವಂತಿಲ್ಲ. ಇಂಗ್ಲಿಷರ ಕಿವಿಯೂ ಇದೇ ತಪ್ಪನ್ನು ಮಾಡಿರುವಂತೆ ಕಾಣುತ್ತದೆ. ಶಬ್ದಮೂಲವನ್ನು ಶೋಧಿಸಿದವರು ಹೇಳುವಂತೆ, ಇದು ಇಂಗ್ಲೆಂಡಿನ ಪೂರ್ವಭಾಗದ ಆಡುಮಾತಿನಲ್ಲಿ ‘ಕಾವ್ ಇನ್’ ಎಂದಿದ್ದಿರಬೇಕು. ‘ಕಾಫ್’ ಎಂದರೆ ಕರು. ‘ಕಾವ್’ ಎಂದರೆ ಈಯುವುದು, ಕರು ಹಾಕುವುದು. ಆ ಜವುಗು ನೆಲವನ್ನು ಒಣಗಿಸಲು ಹದಿನೇಳನೆಯ ಶತಮಾನದಲ್ಲಿ ಡಚ್ಚರು ಬಂದು ಕಾಲುವೆಗಳನ್ನು ತೋಡಿದರು. ಕಾಲುವೆಯ ದಂಡೆಯಿಂದ ಮಣ್ಣಿನ ಹೆಂಟೆಯೊಂದು ಬಿಟ್ಟುಕೊಂಡು ಬೀಳುವುದನ್ನು ಡಚ್ ಭಾಷೆಯಲ್ಲಿ ಇಂದಿಗೂ ‘ಕರು’ವಿನ ಮಾತಿನಿಂದಲೇ ಹೇಳುತ್ತಾರೆ: ದಂಡೆ ಹಸುವಿನಂತೆ ಕರು ಹಾಕಿತು ಎಂಬ ಭಾವ. ಕಾಲಾಂತರದಲ್ಲಿ ‘ಕಾವ್’ ಎಂಬುದು ‘ಕೇವ್’ ಆಗಿ, ಕರುವಿದ್ದ ಕಡೆ ಗುಹೆ ಬಂದು ಕುಳಿತಿತು. ಹಿಮನದಿಯ ತುದಿಯಿಂದ ಬರ್ಫದ ಬೆಟ್ಟ ಕಳಚಿ ಸಮುದ್ರಕ್ಕೆ ಬೀಳುವುದನ್ನು ಮಾತ್ರ ಇಂಗ್ಲಿಷಿನಲ್ಲಿ ಇಂದಿಗೂ ಕರು ಹಾಕುವುದು ಎಂದೇ ಕರೆಯುತ್ತಾರೆ.

ಬಳಕೆಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಛಾವಣಿ, ಸುರಂಗ, ಬಾವಿಯ ಪಕ್ಕ ಮೊದಲಾದವು ಒಳಮುಖವಾಗಿ, ಹಠಾತ್ತಾಗಿ ಬಿದ್ದಾಗ ಈ ಮಾತು ಸಲ್ಲುತ್ತದೆ. ಸಾಮಾನ್ಯವಾಗಿ ಇದು ಅಕರ್ಮಕ ಕ್ರಿಯಾಪದ: ‘ದಿ ರೂಫ್ ಕೇವ್ಡ್ ಇನ್’ ಎನ್ನಬೇಕೇ ಹೊರತು ನಡುವೆ ‘ವಾಸ್’ ಸೇರಿಸುವುದು ಸರಿಯಲ್ಲ. ಎರಡು ಮಾತುಗಳನ್ನು ಚಿಕ್ಕ ಗೆರೆಯಿಂದ ಕೂಡಿಸಿದರೆ ನಾಮಪದವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಕೂಡಿಕೊಂಡಿತು. ಹಠ ಹಿಡಿದವನು ಕೊನೆಗೆ ಒತ್ತಾಯಕ್ಕೆ ಸೋತು ಒಪ್ಪಿದರೆ ಅವನೂ ‘ಕೇವ್ ಇನ್’ ಆದಂತೆ. ಇಂಥವನನ್ನು ಕನ್ನಡದಲ್ಲಿ ನಾವು ‘ಮಣಿದನು’ ಎನ್ನುತ್ತೇವೆ. ಭೌತಶಾಸ್ತ್ರದ ದೃಷ್ಟಿಯಿಂದ ಇದು ಬೇರೆಯೇ ಚಿತ್ರ. ಬಿದಿರಿನ ಗಳು ಮಣಿಯುತ್ತದೆ. ಮುರಿಯುವುದಕ್ಕೆ ಮೊದಲು ಬಾಗಿ ತೋರಿಸಿ ಎಚ್ಚರಿಕೆ ಕೊಡುತ್ತದೆ. ಬಾವಿಯ ದಡ ಮಣಿಯುವುದಿಲ್ಲ.

ಹಾಗಾದರೆ ಏನು ಮಾಡುತ್ತದೆ? ಇಲ್ಲಿ ನಮ್ಮ ಹಳ್ಳಿಗಳ ಮಾತು ಇಂಗ್ಲಿಷಿಗಿಂತ ಸೂಕ್ಷ್ಮವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಒಣಗಿದ ಮರಳು ಕಣಕಣವಾಗಿ ‘ಉದುರುತ್ತದೆ’. ಬುಡದಲ್ಲಿ ಟೊಳ್ಳಾದ ನೆಲ ನೆಟ್ಟಗೆ ಕೆಳಕ್ಕೆ ‘ಕುಸಿಯುತ್ತದೆ’. ನೀರು ನೂಕಿದ ಕೆರೆಯ ಏರಿ ‘ಒಡೆಯುತ್ತದೆ’. ದಡದ ಒಂದು ಭಾಗ, ಒಳಗೆ ಓರೆಯಾಗಿ ಸೀಳಿಕೊಂಡು, ಆ ಓರೆಯ ಮೇಲೆ ಜಾರಿ ಬಂದರೆ ಅದು ‘ಜರಿಯುತ್ತದೆ’. ಈ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ.

ಜರಿಯುವುದರ ಗುಟ್ಟನ್ನು ಅರಿಯಬೇಕಾದರೆ, ನೆಲವು ನಿಲ್ಲುವುದಾದರೂ ಹೇಗೆ ಎಂಬುದನ್ನು ಮೊದಲು ಕೇಳಬೇಕು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಈ ಪ್ರಶ್ನೆ ಹುಟ್ಟಲಾರದು. ಅಲ್ಲಿ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಬೆಳೆದಿವೆ. ಆದರೆ ಅಂಥ ಬಂಡೆಯೇ ಲಕ್ಷಾಂತರ ವರ್ಷ ಬಿಸಿಲು ಮಳೆಗಳಿಗೆ ಸಿಕ್ಕಿ ಸಡಿಲವಾಗಿ ಗರಸು ಮಣ್ಣಾಗುತ್ತದೆ. ಇನ್ನೂ ಮುಂದುವರಿದು ಜಯಮಂಗಲಿಯಂಥ ಹೊಳೆಗಳ ಪಾತ್ರದಲ್ಲಿ ಮರಳಾಗುತ್ತದೆ. ಮರಳಿನ ಕಣಕ್ಕೂ ಕಣಕ್ಕೂ ಅಂಟಿಲ್ಲ. ಅದನ್ನು ನಿಲ್ಲಿಸಿರುವುದು ಘರ್ಷಣೆಯೊಂದೇ. ಒಣ ಮರಳನ್ನು ನೆಲದ ಮೇಲೆ ಮೆಲ್ಲಗೆ ಸುರಿಯಿರಿ. ಗುಡ್ಡೆಯ ಇಳಿಜಾರು 30ರಿಂದ 35 ಡಿಗ್ರಿಯವರೆಗೆ ಏರಿ ನಿಂತುಬಿಡುತ್ತದೆ. ಮತ್ತೆಷ್ಟು ಸುರಿದರೂ ಗುಡ್ಡೆ ದೊಡ್ಡದಾಗುವುದೇ ಹೊರತು ಕಡಿದಾಗುವುದಿಲ್ಲ. ಇದಕ್ಕೆ ವಿಶ್ರಾಂತಿ ಕೋನ ಎಂದು ಹೆಸರು.

ಈ ವಿಚಾರವನ್ನು ಲೆಕ್ಕಕ್ಕೆ ತಂದವನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನೇ. ವಿದ್ಯುದಾವೇಶಗಳ ಆಕರ್ಷಣೆಯ ನಿಯಮವನ್ನು 1785ರಲ್ಲಿ ತಿಳಿಸಿದ ಕೂಲಂಬನು, ಅದಕ್ಕೆ ಮೊದಲು ಫ್ರೆಂಚ್ ಸೈನ್ಯದ ಇಂಜಿನಿಯರನಾಗಿ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸುತ್ತಿದ್ದನು. ಮಣ್ಣನ್ನು ತಡೆದು ನಿಲ್ಲಿಸುವ ಗೋಡೆ ಎಷ್ಟು ದಪ್ಪವಿರಬೇಕೆಂಬುದು ಅವನ ತೊಡಕು. 1773ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಅರ್ಪಿಸಿದ ಪ್ರಬಂಧದಲ್ಲಿ, ಮಣ್ಣು ಒಂದು ಓರೆಯ ತಲದ ಮೇಲೆ ಬೆಣೆಯಾಕಾರವಾಗಿ ಜಾರುತ್ತದೆ ಎಂದೂ, ಆ ಜಾರಿಕೆಯನ್ನು ತಡೆಯುವುವು ಎರಡು, ಘರ್ಷಣೆ ಮತ್ತು ಸಂಸಕ್ತಿ, ಎಂದೂ ತೋರಿಸಿದನು. ಸಂಸಕ್ತಿ ಎಂದರೆ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವ ಗುಣ. ‘ಜರಿ’ ಎಂಬ ಮಾತಿನಲ್ಲಿ ನಮ್ಮ ರೈತರು ಹೇಳುತ್ತ ಬಂದದ್ದೂ ಆ ಬೆಣೆಯನ್ನೇ.

ಒಣ ಮರಳಿಗೆ ಸಂಸಕ್ತಿ ಇಲ್ಲ. ಆದರೆ ಸ್ವಲ್ಪ ನೀರು ಚಿಮುಕಿಸಿ ಕಲಸಿದರೆ ಮಕ್ಕಳು ಅದರಲ್ಲಿ ನೆಟ್ಟನೆಯ ಗೋಡೆಯ ಗುಡಿಯನ್ನೇ ಕಟ್ಟುತ್ತಾರೆ. ಕಾರಣವೇನೆಂದರೆ, ಎರಡು ಕಣಗಳು ತಾಗುವ ಕಡೆ ನೀರಿನ ಸಣ್ಣ ಕೊರಳುಪಟ್ಟಿಯೊಂದು ಏರ್ಪಟ್ಟು, ಅದರ ಮೇಲ್ಮೈ ಎಳೆತವು ಕಣಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಈ ಹಿಡಿತ ಎಷ್ಟೆಂಬುದನ್ನು ಸ್ಥೂಲವಾಗಿ ಎಣಿಸಬಹುದು. ಸ್ವಲ್ಪ ಜೇಡಿ ಬೆರೆತ ತೇವದ ಮರಳುಮಣ್ಣಿನ ಸಂಸಕ್ತಿ ಚದರ ಮೀಟರಿಗೆ 5,000 ನ್ಯೂಟನ್ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು 18,000 ನ್ಯೂಟನ್. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೆಟ್ಟಗೆ ಕಡಿದ ದಡ ನಿಲ್ಲಬಹುದಾದ ಎತ್ತರವು ಸಂಸಕ್ತಿಯ ನಾಲ್ಕರಷ್ಟನ್ನು ಈ ತೂಕದಿಂದ ಭಾಗಿಸಿದಷ್ಟು. ಎಂದರೆ 20,000ವನ್ನು 18,000ದಿಂದ ಭಾಗಿಸಿದಾಗ ಬರುವ 1.1 ಮೀಟರ್. ಘರ್ಷಣೆಯನ್ನೂ ಸೇರಿಸಿದರೆ ಇದು ಒಂದೂವರೆಯಿಂದ ಎರಡು ಮೀಟರಿನವರೆಗೆ ಹೋದೀತು. ಒಬ್ಬ ಆಳಿನ ಎತ್ತರ, ಅಷ್ಟೇ. ಅದಕ್ಕಿಂತ ಆಳದ ದಡವೊಂದು ನಿಂತಿದ್ದರೆ, ಅದಕ್ಕೆ ಬೇರಾವುದೋ ಆಸರೆ ಇರಲೇಬೇಕು.

ಅದೇ ಮರಳಿನ ಗುಡಿಯ ಮೇಲೆ ಒಂದು ಚೊಂಬು ನೀರನ್ನು ಸುರಿದರೆ ಏನಾಗುತ್ತದೆಂಬುದು ಯಾವ ಮಗುವಿಗೂ ಗೊತ್ತು. ಕಣಗಳ ನಡುವಣ ಎಡೆಗಳೆಲ್ಲ ನೀರಿನಿಂದ ತುಂಬಿದೊಡನೆ ಕೊರಳುಪಟ್ಟಿಗಳು ಮಾಯವಾಗುತ್ತವೆ. ಮಣ್ಣಿನ ಗೋಡೆಯ ಮಾಳಿಗೆ ಮನೆಗಳಿಗೆ ಜಡಿಮಳೆಯಲ್ಲಿ ಒದಗುವ ವಿಪತ್ತೂ ಬಹುಮಟ್ಟಿಗೆ ಇದೇ. 2021ರ ನವೆಂಬರಿನ ಮಳೆಯಲ್ಲಿ ದಕ್ಷಿಣ ಕರ್ಣಾಟಕದಲ್ಲಿ ಅನೇಕ ಮನೆಗಳು ಹೀಗೆ ಬಿದ್ದವು. ಮೇಲೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗೆ ಗೋಡೆ ನೀರು ಕುಡಿದು ದುರ್ಬಲವಾಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಿದವನು ಕಾರ್ಲ್ ಟೆರ್ಜಾಗಿ. ಪ್ರಾಗ್ ನಗರದಲ್ಲಿ ಹುಟ್ಟಿ, ಇಸ್ತಾಂಬುಲಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ತಾನೇ ಜೋಡಿಸಿಕೊಂಡ ಸರಳ ಉಪಕರಣಗಳಿಂದ ಮಣ್ಣನ್ನು ಪರೀಕ್ಷಿಸಿದ ಇವನು 1925ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೃತ್ತಿಕಾ ಯಂತ್ರಶಾಸ್ತ್ರವೆಂಬ ಹೊಸ ಶಾಸ್ತ್ರವೇ ನೆಲೆಗೊಂಡಿತು. ಅವನ ತತ್ತ್ವ ಬಹು ಸರಳ. ನೆಲದೊಳಗೆ ಒಂದು ಆಳದಲ್ಲಿ ಮೇಲಿನ ಭಾರವನ್ನು ಇಬ್ಬರು ಹೊರುತ್ತಾರೆ: ಕಣಗಳು ಮತ್ತು ಅವುಗಳ ನಡುವಣ ನೀರು. ಕಣಗಳು ಹೊತ್ತ ಪಾಲಿಗೆ ಮಾತ್ರ ಘರ್ಷಣೆ ಉಂಟು. ನೀರು ಹೊತ್ತ ಪಾಲಿಗೆ ಇಲ್ಲ, ಏಕೆಂದರೆ ನೀರಿಗೆ ನೀರು ಉಜ್ಜಿ ನಿಲ್ಲುವುದಿಲ್ಲ. ನೀರಿನ ಒತ್ತಡ ಹೆಚ್ಚಿದಷ್ಟೂ ಕಣಗಳ ಪರಸ್ಪರ ಒತ್ತು ಕಡಿಮೆಯಾಗಿ, ಘರ್ಷಣೆಯೂ ಕಡಿಮೆಯಾಗುತ್ತದೆ.

ಈಗ ಶಿರಾ ಹುಡುಗನ ಬಾವಿಗೆ ಬರೋಣ. ಬಾವಿಯಲ್ಲಿ 6 ಮೀಟರ್ ನೀರು ನಿಂತಿದ್ದಿತೆಂದು ಭಾವಿಸಿ. ಸುತ್ತಣ ಮಣ್ಣಿನಲ್ಲಿಯೂ ನೀರು ಅದೇ ಮಟ್ಟಕ್ಕೆ ಏರಿರುತ್ತದೆ. ಮಣ್ಣಿನೊಳಗಣ ನೀರು ದಡವನ್ನು ಬಾವಿಯ ಕಡೆಗೆ ತಳ್ಳುತ್ತಿದ್ದರೆ, ಬಾವಿಯ ನೀರು ಅದನ್ನು ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ. ತಳದಲ್ಲಿ ಈ ಒತ್ತು ಚದರ ಮೀಟರಿಗೆ ಸುಮಾರು 6 ಟನ್. ನಾವು ಮೇಲೆ ಹೇಳಿದ ‘ಬೇರಾವುದೋ ಆಸರೆ’ ಇದೇ. ತುಂಬಿದ ಬಾವಿ ತನ್ನ ದಡವನ್ನು ತಾನೇ ಹಿಡಿದುಕೊಂಡಿರುತ್ತದೆ. ಪಂಪನ್ನು ಓಡಿಸಿ ಒಂದು ರಾತ್ರಿಯಲ್ಲಿ ಬಾವಿಯನ್ನು ಬರಿದು ಮಾಡಿದರೆ ಆ ಆರು ಟನ್ನಿನ ಕೈಯನ್ನು ತೆಗೆದುಬಿಟ್ಟಂತಾಯಿತು. ಆದರೆ ಮಣ್ಣಿನೊಳಗಣ ನೀರು ಅಷ್ಟು ಬೇಗ ಹೊರಡುವುದಿಲ್ಲ. ದಪ್ಪ ಮರಳಿನಲ್ಲಾದರೆ ಅದು ಗಂಟೆಗೆ ಅಡಿಗಳ ಲೆಕ್ಕದಲ್ಲಿ ಸರಿಯಬಹುದು; ಜೇಡಿ ಬೆರೆತ ಮಣ್ಣಿನಲ್ಲಿ ದಿನಕ್ಕೆ ಅಂಗುಲಗಳ ಲೆಕ್ಕದಲ್ಲಿ. ಹೀಗಾಗಿ ಬೆಳಗಿನ ಹೊತ್ತಿಗೆ ದಡ ನೀರು ತುಂಬಿ ಭಾರವಾಗಿಯೇ ಇತ್ತು, ಒಳಗಿನ ನೀರು ಹೊರಮುಖವಾಗಿ ನೂಕುತ್ತಲೇ ಇತ್ತು, ಎದುರಿಗೆ ತಡೆಯುವವರಿರಲಿಲ್ಲ. ಮೂರು ದಿನದ ಬಿಸಿಲು ಮೇಲಿನ ಗೇಣುದ್ದ ಮಣ್ಣನ್ನಷ್ಟೇ ಒಣಗಿಸಿತ್ತು.

ಎತ್ತಿನ ಕಪಿಲೆಯ ಕಾಲದಲ್ಲಿ ಈ ಅಪಾಯ ಕಡಿಮೆ. ಒಂದೊಂದೇ ತೊಗಲಿನ ಚೀಲದಷ್ಟು ನೀರು ಮೇಲೆ ಬರುತ್ತಿತ್ತು; ಬಾವಿಯ ನೀರು ಇಳಿಯುವ ವೇಗಕ್ಕೂ ಮಣ್ಣಿನ ನೀರು ಬಸಿಯುವ ವೇಗಕ್ಕೂ ಬಹಳ ಅಂತರವಿರುತ್ತಿರಲಿಲ್ಲ. ಕೆರೆಗಳಲ್ಲಿಯೂ ಇದನ್ನೇ ಕಾಣಬಹುದು. ತುಂಬಿದ ಕೆರೆಯ ನೀರನ್ನು ಅವಸರದಿಂದ ಇಳಿಸಿದರೆ, ಏರಿಯ ನೀರಿನ ಕಡೆಯ ಮಗ್ಗುಲು ಜಾರುವ ಸಂಭವವಿದೆಯೆಂದು ಇಂಜಿನಿಯರುಗಳು ಎಚ್ಚರ ವಹಿಸುತ್ತಾರೆ.

ವಾಚಕರು ಇದನ್ನು ಮನೆಯಲ್ಲಿ ಪರೀಕ್ಷಿಸಬಹುದು. ಗಾಜಿನ ತೊಟ್ಟಿಯೊಂದರ ಒಂದು ಪಕ್ಕದಲ್ಲಿ ಸ್ವಲ್ಪ ಜೇಡಿ ಬೆರೆಸಿದ ಮರಳಿನಿಂದ ಕಡಿದಾದ ದಂಡೆ ಮಾಡಿ, ಇನ್ನೊಂದು ಪಕ್ಕದಲ್ಲಿ ನೀರನ್ನು ಮೆಲ್ಲಗೆ ತುಂಬಿ, ದಂಡೆ ನೆನೆಯುವವರೆಗೆ ಬಿಡಿ. ಬಳಿಕ ರಬ್ಬರ್ ಕೊಳವೆಯಿಂದ ನೀರನ್ನು ಒಮ್ಮೆ ಹನಿಹನಿಯಾಗಿ, ಮತ್ತೊಮ್ಮೆ ಹೊಸ ದಂಡೆ ಮಾಡಿ ಭರದಿಂದ ಇಳಿಸಿ ನೋಡಿ. ದಂಡೆಯ ತಲೆಯ ಮೇಲೆ ಅಂಚಿಗೆ ಸಮಾಂತರವಾಗಿ ಕೂದಲೆಳೆಯ ಬಿರುಕೊಂದು ಮೊದಲು ಕಾಣಿಸುತ್ತದೆ. ನಿಜವಾದ ಬಾವಿಯಲ್ಲಿಯೂ ಎಚ್ಚರಿಕೆ ಎಂಬುದೇನಾದರೂ ಇದ್ದರೆ ಆ ಬಿರುಕೇ.

ನಮ್ಮ ಸೀಮೆಯ ಹಿರಿಯರು ಈ ಗುಣವನ್ನು ಅರಿತೇ ನೀರನ್ನು ಪಡೆದರೆಂಬುದಕ್ಕೆ ತಲಪರಿಗೆಗಳು ಸಾಕ್ಷಿ. ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರಿನಲ್ಲಿ ಇವನ್ನು ವರ್ಣಿಸಿದ್ದಾರೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳ ಕಡೆಗೆ ಎಳೆದ ಗೆರೆಯ ಪೂರ್ವಕ್ಕೆ ಈ ಚಿಲುಮೆಗಳ ಪ್ರದೇಶ ಹಬ್ಬಿದೆ. ದಕ್ಷಿಣ ಭಾಗದಲ್ಲಿ ಮರಳು ನೆಲವನ್ನು ತುಸು ತೋಡಿದರೆ ನೀರು ಮೇಲಕ್ಕೇ ಬರುತ್ತದೆ. ಪಾವಗಡದಲ್ಲಿ ಮೆತುವಾದ, ನೀರು ಹಿಡಿಯುವ ಕಲ್ಲನ್ನು ಕಡಿಯಬೇಕಾಗುತ್ತದೆ. ಸಿಕ್ಕಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ಗದ್ದೆಗೆ ಹರಿಸುತ್ತಾರೆ, ಇಲ್ಲವೆ ಕಪಿಲೆ ಬಾವಿ ಮಾಡುತ್ತಾರೆ, ಎಂಬುದು ಅವರ ಮಾತಿನ ಸಾರ. ಆ ಪಾವಗಡದ ಮೆತುಗಲ್ಲು ನಮ್ಮ ಗರಸೇ ಇರಬೇಕು.

ತಲಪರಿಗೆ ಆಳವಾದ ನೆಟ್ಟನೆಯ ಬಾವಿಯಲ್ಲ. ಅಗಲವಾದ, ಇಳಿಜಾರು ದಡದ ತಗ್ಗು. ಅದು ಹಾಗೆಯೇ ಇರಬೇಕೆಂಬುದು ಲೆಕ್ಕದಿಂದಲೂ ಸಿದ್ಧವಾಗುತ್ತದೆ. ಇಳಿಜಾರಿನುದ್ದಕ್ಕೂ ನೀರು ಒಸರುತ್ತಿದ್ದರೆ, ಮರಳು ನಿಲ್ಲಬಲ್ಲ ಇಳಿಜಾರು ಒಣ ಮರಳಿನದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಣಗಿದಾಗ 33 ಡಿಗ್ರಿಯಲ್ಲಿ ನಿಲ್ಲುವ ಮರಳು ಒರತೆಯಿರುವಾಗ 18 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು. ಕಡಿದಾಗಿ ತೋಡಿದರೆ ದಡ ಜರಿದು ಒರತೆಯ ಕಣ್ಣನ್ನೇ ಮುಚ್ಚುತ್ತದೆ. ಆದುದರಿಂದಲೇ ತಲಪರಿಗೆಗೆ ಇಷ್ಟು ಅಗಲ ಜಾಗ ಬೇಕು, ಕಾಲಕಾಲಕ್ಕೆ ಹೂಳು ತೆಗೆಯಬೇಕು. ಕೊಳವೆ ಬಾವಿಗಳು ಬಂದು ನೀರಿನ ಮಟ್ಟ ಬಹಳ ಕೆಳಗಿಳಿದ ಮೇಲೆ, ಹೊಳೆಯ ಮರಳೂ ಕಟ್ಟಡಗಳ ಪಾಲಾದ ಮೇಲೆ, ಅನೇಕ ತಲಪರಿಗೆಗಳು ಬತ್ತಿ ಹೂತುಹೋದವು. ಒಳ್ಳೆಯ ಮಳೆಯ ವರ್ಷದಲ್ಲಿ ಇಂಥವನ್ನು ಮತ್ತೆ ತೋಡಲು ಹೊರಡುವ ತರುಣರು ಈ 18 ಡಿಗ್ರಿಯನ್ನು ಮರೆಯಬಾರದು.

ಆಳದ ಬಾವಿಗೆ ಹಳಬರು ಕಂಡುಕೊಂಡ ಉಪಾಯ ಬೇರೆ. ಅವರು ದುಂಡಾಗಿ ತೋಡಿ, ಗಾರೆಯಿಲ್ಲದ ಕಲ್ಲುಕಟ್ಟಡ ಮಾಡುತ್ತಿದ್ದರು. ದುಂಡಾದ ಕಟ್ಟಡವೆಂದರೆ ಮಲಗಿಸಿದ ಕಮಾನು. ಮಣ್ಣು ಎಲ್ಲ ಕಡೆಯಿಂದ ತಳ್ಳಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯುತ್ತವೆ. ಚೌಕ ಬಾವಿಯ ಚಪ್ಪಟೆ ಪಕ್ಕಕ್ಕೆ ಈ ಅನುಕೂಲವಿಲ್ಲ. ಗಾರೆಯಿಲ್ಲದಿರುವುದು ಬಡತನದ ಲಕ್ಷಣವೂ ಅಲ್ಲ. ಸಂದುಗಳ ಮೂಲಕ ನೀರು ಬಸಿದು ಬರುವುದರಿಂದ ಹಿಂದೆ ಒತ್ತಡ ಕೂಡುವುದಿಲ್ಲ. ಅಂದವಾಗಲೆಂದು ಸಿಮೆಂಟ್ ಮೆತ್ತಿ, ತೂತುಗಳನ್ನೂ ಬಿಡದೆ ಮುಚ್ಚಿದ ಹಳೆಯ ಬಾವಿಗಳನ್ನು ನಾವು ಕಂಡಿದ್ದೇವೆ, ನೋಡಿದಾಗಲೆಲ್ಲ ಭಯವಾಗುತ್ತದೆ.

ಜರಿದ ಮಣ್ಣಿನಡಿ ಸಿಕ್ಕವನಿಗೆ ಏನಾಗುತ್ತದೆಂಬುದನ್ನು ಹೇಳದೆ ಬಿಡುವಂತಿಲ್ಲ. ತಲೆ ಮೇಲಿದ್ದರೆ ಸಾಕು, ಉಸಿರಾಡಬಹುದು ಎಂದು ಅನೇಕರು ತಿಳಿದಿದ್ದಾರೆ. ಒಂದು ಘನ ಮೀಟರ್ ಒದ್ದೆ ಮರಳು ಸುಮಾರು 1,800 ಕಿಲೋಗ್ರಾಂ ತೂಗುತ್ತದೆ. ಒಂದು ಮೀಟರ್ ಆಳದಲ್ಲಿ ಅದು ಪಕ್ಕಕ್ಕೆ ಒತ್ತುವ ಒತ್ತು ಇದರ ಮೂರನೆಯ ಒಂದರಿಂದ ಅರ್ಧದವರೆಗೆ, ಎಂದರೆ ಚದರ ಮೀಟರಿಗೆ 600ರಿಂದ 900 ಕಿಲೋಗ್ರಾಂ ಭಾರದಷ್ಟು. ಎದೆಯ ಮುಂಭಾಗವನ್ನು ಚದರ ಮೀಟರಿನ ಹತ್ತನೆಯ ಒಂದಂಶವೆಂದರೂ, 60ರಿಂದ 90 ಕಿಲೋಗ್ರಾಂ ಆಯಿತು: ಒಬ್ಬ ಮನುಷ್ಯ ಎದೆಯ ಮೇಲೆ ನಿಂತ ಹಾಗೆ. ಪ್ರತಿ ಸಲ ಉಸಿರು ಬಿಟ್ಟಾಗಲೂ ಮರಳು ಆ ತೆರವಿಗೆ ಇಳಿಯುತ್ತದೆ. ಮತ್ತೆ ಎದೆ ಹಿಗ್ಗಲು ಎಡೆಯಿರುವುದಿಲ್ಲ. ಗಾಬರಿಯಿಂದ ಇನ್ನೊಬ್ಬನು ಹಾರಿದರೆ ಉಳಿದ ದಡವೂ ಬರಬಹುದು. ಈ ಕಾರಣಗಳಿಂದ ಅಮೆರಿಕದಲ್ಲಿ 5 ಅಡಿ ಅಥವಾ ಅದಕ್ಕಿಂತ ಆಳದ ಕಂದಕಕ್ಕೆ, ಗಟ್ಟಿ ಬಂಡೆಯಲ್ಲಿ ತೋಡಿದ್ದಲ್ಲದಿದ್ದರೆ, ಆಸರೆ ಕಟ್ಟದೆ ಅಥವಾ ದಡವನ್ನು ಇಳಿಜಾರು ಮಾಡದೆ ಆಳುಗಳನ್ನು ಇಳಿಸಕೂಡದೆಂದೂ, ತೋಡಿದ ಮಣ್ಣನ್ನು ಅಂಚಿನಿಂದ ಕನಿಷ್ಠ 2 ಅಡಿ ದೂರ ಹಾಕಬೇಕೆಂದೂ ನಿಯಮವಿದೆ. ಮರಳು ತೆಗೆದ ಹೊಳೆಯ ದಂಡೆಗಳಲ್ಲಿ ಗವಿ ಕೊರೆದು ಆಡುವ ಮಕ್ಕಳಿಗೆ ಈ ಲೆಕ್ಕವನ್ನು ಯಾರಾದರೂ ಹೇಳಬೇಕು.

ಹುಡುಗನಿಗೆ ಇಷ್ಟನ್ನೂ ಹಲಗೆಯ ಮೇಲೆ ಬರೆದು ತೋರಿಸಿದೆವು. ಅವನು ಅದನ್ನು ತಂದೆಯವರಿಗೆ ಹೇಗೆ ಹೇಳಿದನೋ ತಿಳಿಯದು. ಮುಂದಿನ ವಾರ ಯಾರೂ ಬಾವಿಗಿಳಿಯಲಿಲ್ಲ. ಬಿದ್ದ ಕಡೆಯ ದಡವನ್ನು ಮೇಲಿನಿಂದ ಇಳಿಜಾರಾಗಿ ಕಡಿಸಿ, ತೆಗೆದ ಮಣ್ಣನ್ನು ದೂರ ಹಾಕಿಸಿ, ಪಂಪನ್ನು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತ ಮೂರು ವಾರಗಳಲ್ಲಿ ನೀರನ್ನು ಇಳಿಸಿದರಂತೆ. ಆ ಮೂರು ವಾರಗಳಲ್ಲಿ ಎರಡು ಸಲ ದಡದಿಂದ ಹೆಂಟೆಗಳು ಬಿದ್ದವಂತೆ. ಕೆಳಗೆ ಯಾರೂ ಇರಲಿಲ್ಲ. ತಿಂಗಳು ಕಳೆದ ಮೇಲೆ ಹುಡುಗನು ತನ್ನ ಹಳೆಯ ಹಾಳೆಯನ್ನು ಕೇಳಿ ತೆಗೆದುಕೊಂಡು, ಬರಿದಾಗಿದ್ದ ಜಾಗದಲ್ಲಿ ‘ಬಾವಿಯ ದಡ ಜರಿಯಿತು’ ಎಂದು ಬರೆದು ಕೊಟ್ಟನು. ಹೊಡೆದುಹಾಕಿದ್ದ ಮೊದಲ ಉತ್ತರವನ್ನು ಬೆಳಕಿಗೆ ಹಿಡಿದು ನೋಡಿದೆವು. ಅದೂ ಅದೇ ಆಗಿತ್ತು.